ವಿಂಡ್ ಟನಲ್ ರಸ್ತೆಯ ವಿಂಡ್ ಟನಲ್

ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ವಿಂಡ್ ಟನಲ್ ರೋಡ್ ಎಂಬ ರಸ್ತೆಯಿದೆ. ಆಟೊದವರಿಗೂ ಪಿ.ಜಿ.ಯ ಹುಡುಗರಿಗೂ ಅದು ಬರೀ ವಿಳಾಸ. ಆ ಹೆಸರು ಬಂದದ್ದು ಎನ್‌ಎಎಲ್ ಎಂಬ ವೈಮಾನಿಕ ಸಂಶೋಧನಾ ಸಂಸ್ಥೆಯ ಆವರಣದಲ್ಲಿರುವ ಗಾಳಿ ಸುರಂಗದಿಂದ. 1967ರಲ್ಲಿ ಕೆಲಸ ಶುರುಮಾಡಿದ ಇದರ ಪರೀಕ್ಷಾ ಕೋಣೆ 1.2 ಮೀಟರ್ ಅಗಲ, ಅಷ್ಟೇ ಎತ್ತರ. ಇಸ್ರೊದ ರಾಕೆಟ್‌ಗಳು, ತೇಜಸ್ ಯುದ್ಧವಿಮಾನ ಎಲ್ಲವೂ ಆಕಾಶಕ್ಕೇರುವ ಮುನ್ನ ಪುಟ್ಟ ಮಾದರಿಗಳಾಗಿ ಇದರೊಳಗೆ ಗಾಳಿಗೆ ಮೈಯೊಡ್ಡಿವೆ.

ಶಬ್ದದ ವೇಗದ ಐದನೇ ಒಂದು ಭಾಗದಿಂದ ಅದರ ನಾಲ್ಕು ಪಟ್ಟಿನವರೆಗೂ ಇಲ್ಲಿ ಗಾಳಿ ಹರಿಸಬಹುದು. ಇಷ್ಟರಲ್ಲಿ ಅತ್ಯಂತ ತಂಟೆಯದ್ದು ಅತಿ ಹೆಚ್ಚಿನ ವೇಗವಲ್ಲ, ನಡುವಿನದು. ಶಬ್ದದ ವೇಗಕ್ಕೆ ಮ್ಯಾಕ್ 1 ಎನ್ನುತ್ತಾರೆ. ನೆಲಮಟ್ಟದಲ್ಲಿ ಅದು ಗಂಟೆಗೆ ಸುಮಾರು 1,225 ಕಿ.ಮೀ. ಅದರ ಆಚೀಚೆಯ, ಅಂದರೆ ಸುಮಾರು 0.8ರಿಂದ 1.2ರವರೆಗಿನ ಮ್ಯಾಕ್ ವಲಯವೇ ಟ್ರಾನ್ಸಾನಿಕ್. ವಿಮಾನ ಇನ್ನೂ ಶಬ್ದದ ವೇಗ ಮುಟ್ಟಿರುವುದಿಲ್ಲ, ಆದರೆ ರೆಕ್ಕೆಯ ಬೆನ್ನ ಮೇಲೆ ಹಾಯುವ ಗಾಳಿ ಆಗಲೇ ಅದನ್ನು ದಾಟಿರುತ್ತದೆ. ಹಾಗೆ ದಾಟಿದ ಗಾಳಿ ಥಟ್ಟನೆ ನಿಧಾನಗೊಳ್ಳುವಲ್ಲಿ ಆಘಾತ ತರಂಗ ಏಳುತ್ತದೆ. ಗಾಳಿಯ ಎಳೆತ ಒಮ್ಮೆಗೇ ಏರುತ್ತದೆ, ರೆಕ್ಕೆ ನಡುಗುತ್ತದೆ. ನಾವು ದೆಹಲಿಗೋ ದುಬೈಗೋ ಹೋಗುವ ಜೆಟ್ ವಿಮಾನ ಹಾರುವುದು ಸರಿಯಾಗಿ ಈ ಅಂಚಿನಲ್ಲೇ. ರಾಕೆಟ್ ಅಂತೂ ಇದನ್ನು ಹಾದೇ ಮೇಲೇರಬೇಕು.

ಸುರಂಗದೊಳಗೆ ಈ ವಲಯವನ್ನು ಹುಟ್ಟಿಸುವುದು ಬಹುಕಾಲ ಆಗದ ಕೆಲಸವಾಗಿತ್ತು. ಮಾದರಿ ಜಾಗ ಆಕ್ರಮಿಸಿಕೊಂಡ ಮೇಲೆ ಅದಕ್ಕೂ ಗೋಡೆಗೂ ನಡುವೆ ಉಳಿಯುವ ಸಂದು ಕಿರಿದು. ಆ ಸಂದಿನಲ್ಲಿ ಗಾಳಿ ಮೊದಲೇ ಮ್ಯಾಕ್ 1 ಮುಟ್ಟಿಬಿಟ್ಟರೆ ಆಯಿತು, ಹಿಂದಿನಿಂದ ಎಷ್ಟು ನೂಕಿದರೂ ವೇಗ ಏರುವುದಿಲ್ಲ. ಸುರಂಗದ ಗಂಟಲು ಕಟ್ಟುತ್ತದೆ. ವೇಗ ಹೇಗೋ ದಾಟಿಸಿದರೂ ಮಾದರಿಯಿಂದ ಹೊರಟ ತರಂಗಗಳು ಗೋಡೆಗೆ ಬಡಿದು ಹಿಂದಿರುಗಿ ಮಾದರಿಗೇ ತಾಗುತ್ತವೆ. ಬಯಲ ಆಕಾಶದಲ್ಲಿ ಗೋಡೆಯೇ ಇಲ್ಲವಲ್ಲ, ಹಾಗಾಗಿ ಅಂಥ ಅಳತೆ ನಂಬಲು ಬಾರದು.

ಪರಿಹಾರ ಸಿಕ್ಕಿದ್ದು 1940ರ ದಶಕದ ಕೊನೆಗೆ, ಅಮೆರಿಕದ ಲ್ಯಾಂಗ್ಲಿ ಪ್ರಯೋಗಾಲಯದಲ್ಲಿ. ಗೋಡೆಯುದ್ದಕ್ಕೂ ಸೀಳು ಬಿಡಬಹುದೆಂದು ರೇ ರೈಟ್ ಲೆಕ್ಕ ಹಾಕಿ ತೋರಿಸಿದರು. ಜಾನ್ ಸ್ಟ್ಯಾಕ್ ಹಠ ಹಿಡಿದು ಮಾಡಿಸಿದರು. ಹೆಚ್ಚಾದ ಗಾಳಿ ಸೀಳುಗಳ ಮೂಲಕ ಸುತ್ತಲಿನ ಕೋಣೆಗೆ ಸರಿದು ಹೋಗುತ್ತದೆ, ಗಂಟಲು ಬಿಡುತ್ತದೆ. ವೈಮಾನಿಕ ಸಾಧನೆಗೆ ಅಮೆರಿಕದಲ್ಲಿ ಕೊಡುವ ಕೊಲಿಯರ್ ಪ್ರಶಸ್ತಿ 1951ರಲ್ಲಿ ಈ ಕೆಲಸಕ್ಕೇ ಸಂದಿತು. ಅಲ್ಲಿಯದೇ ಸುರಂಗದಲ್ಲಿ ರಿಚರ್ಡ್ ವಿಟ್‌ಕಂಬ್, ವಿಮಾನದ ಸೊಂಟ ಸಪೂರ ಮಾಡಿದರೆ ಎಳೆತ ತಗ್ಗುತ್ತದೆಂದು ಕಂಡುಕೊಂಡರು. ಮ್ಯಾಕ್ 1 ದಾಟಲಾರದೆ ಒದ್ದಾಡುತ್ತಿದ್ದ ಎಫ್-102 ಯುದ್ಧವಿಮಾನ ಸೊಂಟ ಸಣ್ಣಗಾದ ಮೇಲೆ 1954ರಲ್ಲಿ ದಾಟಿತು. ಮುಂದೆ ಸೀಳುಗಳ ಜೊತೆಗೆ ಸಾಲು ತೂತುಗಳ ಗೋಡೆಗಳೂ ಬಂದವು. ಅವು ತರಂಗ ಹಿಂಪುಟಿಯುವುದನ್ನೂ ತಗ್ಗಿಸುತ್ತವೆ. ಸುರಂಗದ ಎಲ್ಲ ಯಂತ್ರಗಳಿಗಿಂತ ಈ ತೂತಿನ ತಗಡೇ ನನಗೆ ಹೆಚ್ಚಿನ ಜಾಣ್ಮೆಯಾಗಿ ಕಾಣುತ್ತದೆ.

ಇಷ್ಟು ವೇಗದ ಗಾಳಿಯನ್ನು ಎಡೆಬಿಡದೆ ಹರಿಸಲು ವಿಪರೀತ ವಿದ್ಯುತ್ ಬೇಕು. ಎನ್‌ಎಎಲ್ ಆರಿಸಿಕೊಂಡದ್ದು ಬ್ಲೋಡೌನ್ ವಿಧಾನ. ಸಣ್ಣ ಮೋಟಾರು ತಾಸುಗಟ್ಟಲೆ ಓಡಿ ತುಂಬಿಸಿದ ಓವರ್‌ಹೆಡ್ ಟ್ಯಾಂಕನ್ನು ಒಮ್ಮೆಗೇ ಬಿಟ್ಟಂತೆ, ಕಂಪ್ರೆಸರುಗಳು ದೊಡ್ಡ ಉಕ್ಕಿನ ತೊಟ್ಟಿಗಳಿಗೆ ಒತ್ತಿ ತುಂಬಿದ ಗಾಳಿ ಕವಾಟ ತೆರೆದೊಡನೆ ನುಗ್ಗುತ್ತದೆ. ತುಂಬುವ ಮುನ್ನ ಗಾಳಿಯ ತೇವ ಹೀರಿ ತೆಗೆಯಬೇಕು. ಇಲ್ಲವಾದರೆ ಹಿಗ್ಗುವಾಗ ತಣ್ಣಗಾಗುವ ಗಾಳಿಯಲ್ಲಿ ಮಂಜು ಕಟ್ಟಿ ಅಳತೆ ಕೆಡುತ್ತದೆ.

ಒಂದು ಓಟ ಕೆಲವೇ ಸೆಕೆಂಡುಗಳದು. ಅಷ್ಟರಲ್ಲಿ ಮಾದರಿಯ ಮೂತಿ ಎತ್ತಿ ಇಳಿಸಿ ಬೇರೆಬೇರೆ ಕೋನಗಳ ಲೆಕ್ಕ ಹಿಡಿಯಬೇಕು. ಮಾದರಿಯನ್ನು ಹಿಂಬದಿಯಿಂದ ಒಂದು ಉಕ್ಕಿನ ದಂಡ ಹಿಡಿದಿರುತ್ತದೆ. ಮಾದರಿಯ ಹೊಟ್ಟೆಯೊಳಗಿನ ಬ್ಯಾಲೆನ್ಸ್ ಎಂಬ ಸಾಧನದ ಸ್ಟ್ರೇನ್ ಗೇಜ್‌ಗಳು ಎತ್ತುಬಲ, ಎಳೆತ, ಪಕ್ಕದ ನೂಕು ಮತ್ತು ಮೂರು ಬಗೆಯ ತಿರುಚುಬಲಗಳನ್ನು ಒಟ್ಟಿಗೇ ಅಳೆಯುತ್ತವೆ. ಗಾಜಿನ ಕಿಟಕಿಯ ಮೂಲಕ ಬೆಳಕು ಹಾಯಿಸಿ ಶ್ಲೀರನ್ ವಿಧಾನದಲ್ಲಿ ಚಿತ್ರ ತೆಗೆದರೆ ಆಘಾತ ತರಂಗಗಳು ಕಪ್ಪು ಗೆರೆಗಳಾಗಿ ಕಾಣುತ್ತವೆ.

ಕಂಪ್ಯೂಟರ್ ಬಂದ ಮೇಲೆ ಸುರಂಗ ಯಾಕೆ ಎಂದು ಕೇಳುವವರಿದ್ದಾರೆ. ಆಘಾತ ತರಂಗ ರೆಕ್ಕೆಗೆ ಅಂಟಿದ ತೆಳು ಗಾಳಿಪದರವನ್ನು ಕಲಕಿ ನಡುಕ ಹುಟ್ಟಿಸುವ ಬಗೆಯನ್ನು ಲೆಕ್ಕದಲ್ಲಿ ಹಿಡಿಯುವುದು ಇವತ್ತಿಗೂ ಕಷ್ಟ. ಹೊಸ ಯುದ್ಧವಿಮಾನ, ಸ್ವಂತ ಪ್ರಯಾಣಿಕ ವಿಮಾನ ಎಂದು ಹೊರಟಿರುವ ದೇಶಕ್ಕೆ ಸೆಕೆಂಡುಗಳ ಓಟವೂ ಸಾಲದು. ಬಿಡುವಿಲ್ಲದೆ ಗಾಳಿ ಹರಿಸುವ ದೊಡ್ಡ ಟ್ರಾನ್ಸಾನಿಕ್ ಸುರಂಗವೊಂದು ನಮಗೆ ಬೇಕು, ಅದರ ವಿದ್ಯುತ್ ಬಿಲ್ಲು ಎಷ್ಟೇ ಆಗಲಿ.