ಕೊರಮೀನಿನ ಕೆಂಪು ಹುಳ, ನಾರುಹುಣ್ಣಿನ ಗುಟ್ಟು

ವರ್ತೂರಿನ ಓದುಗರೊಬ್ಬರು ಕೇಳಿದ್ದಾರೆ: "ಮನೆಯಲ್ಲಿ ಕೊರಮೀನು ಕೊಯ್ದಾಗ ಕರುಳಿನೊಳಗೆ ಕೆಂಪು ದಾರದಂಥ ಹುಳಗಳು ಕಂಡವು, ಇನ್ನೂ ಹೊರಳಾಡುತ್ತಿದ್ದವು. ನಮ್ಮ ಕೆರೆಯ ಕೊಳಚೆಯಲ್ಲಿ ಹುಟ್ಟಿದ ಹುಳಗಳೇ ಇವು? ಮೀನನ್ನು ಬಿಸಾಡಬೇಕಿತ್ತೇ?"

ಈ ಪ್ರಶ್ನೆ ನನಗೆ ಬಹಳ ಹಿಡಿಸಿತು. ಹುಳ ಕಂಡೊಡನೆ ಮುಖ ತಿರುಗಿಸುವವರೇ ಹೆಚ್ಚು. ಇವರು ಅದರ ಬಣ್ಣ ನೋಡಿದ್ದಾರೆ, ಎಲ್ಲಿತ್ತೆಂದು ಗಮನಿಸಿದ್ದಾರೆ. ಅವರ ವಿವರಣೆ ಕ್ಯಾಮಲ್ಲಾನಸ್ ಬಳಗದ ದುಂಡುಹುಳಗಳಿಗೆ ಚೆನ್ನಾಗಿ ಹೊಂದುತ್ತದೆ. ನಮ್ಮ ದೇಶದ ಕೊರಮೀನುಗಳಲ್ಲಿ ಈ ಬಳಗದವು ಸಾಮಾನ್ಯ. ಮೀನಿನ ಕರುಳಿನ ಗೋಡೆಗೆ ಬಾಯಿ ಕಚ್ಚಿಕೊಂಡು ರಕ್ತ ಹೀರುವುದರಿಂದಲೇ ಆ ಕೆಂಪು. ಭೂತಗನ್ನಡಿಯಲ್ಲಿ ತಲೆಯ ತುದಿಯನ್ನು ನೋಡಿದರೆ ಕಿತ್ತಳೆಗಂದು ಬಣ್ಣದ, ಎರಡು ಚಿಪ್ಪು ಜೋಡಿಸಿದಂತಿರುವ ಗಟ್ಟಿ ಬಾಯಿ ಕಾಣುತ್ತದೆ.

ಕೊಳಚೆಯಲ್ಲಿ ಹುಟ್ಟಿತೇ ಎಂಬ ಮಾತಿಗೆ ನೇರ ಉತ್ತರ: ಇಲ್ಲ. ಯಾವ ಹುಳವೂ ಕೊಳೆಯಿಂದ ತಾನಾಗಿ ಹುಟ್ಟುವುದಿಲ್ಲ. ಮುಚ್ಚಿಟ್ಟ ಮಾಂಸದಲ್ಲಿ ಹುಳ ಬೀಳುವುದಿಲ್ಲ, ನೊಣ ಕೂತ ಮಾಂಸದಲ್ಲಷ್ಟೇ ಬೀಳುತ್ತದೆ ಎಂದು ಇಟಲಿಯ ಫ್ರಾನ್ಸೆಸ್ಕೊ ರೆಡಿ 1668ರಲ್ಲೇ ತೋರಿಸಿದ್ದ. ಮೂರೂವರೆ ಶತಮಾನ ಕಳೆದರೂ ನಮ್ಮ ನಡುವೆ ಆ ನಂಬಿಕೆ ಸತ್ತಿಲ್ಲ. ಹಲ್ಲಿನಿಂದ ಹುಳ ತೆಗೆದು ತೋರಿಸುವವರ ಮುಂದೆ ಓದು ಬಲ್ಲವರೂ ಬಾಯ್ತೆರೆದು ಕೂರುತ್ತಾರೆ. ಇದು ಶುದ್ಧ ಮೋಸ. ಪ್ರತಿ ಹುಳಕ್ಕೂ ತಾಯಿಯಿದೆ, ಅದು ಬಂದ ದಾರಿಯಿದೆ. ಆ ದಾರಿಯನ್ನು ಹುಡುಕುವುದೇ ವಿಜ್ಞಾನ.

ಕೊರಮೀನಿನ ಹುಳದ ದಾರಿ ಸಾಗುವುದು ಸೈಕ್ಲಾಪ್ಸ್ ಎಂಬ ಪುಟ್ಟ ಜೀವಿಯ ಹೊಟ್ಟೆಯ ಮೂಲಕ. ಸೈಕ್ಲಾಪ್ಸ್ ಸೀಗಡಿಯ ದೂರದ ನಂಟ. ಉದ್ದ ಒಂದು ಮಿಲಿಮೀಟರ್ ಆಸುಪಾಸು. ಕೆರೆಯ ನೀರನ್ನು ಗಾಜಿನ ಲೋಟದಲ್ಲಿ ತುಂಬಿ ಬೆಳಕಿಗೆ ಹಿಡಿದರೆ ಬಿಳಿ ಚುಕ್ಕೆಗಳು ತಟಕ್ ತಟಕ್ ಎಂದು ಜಿಗಿಯುತ್ತ ಸಾಗುವುದು ಬರಿಗಣ್ಣಿಗೇ ಕಾಣುತ್ತದೆ. ಸೂಕ್ಷ್ಮದರ್ಶಕದಡಿ ಇಟ್ಟಾಗ ತಲೆಯ ನಡುವಿನ ಒಂಟಿ ಕಣ್ಣು, ಹೆಣ್ಣಾಗಿದ್ದರೆ ಬಾಲದ ಎರಡೂ ಬದಿಗೆ ತೂಗುವ ಮೊಟ್ಟೆಚೀಲಗಳು ಕಾಣುತ್ತವೆ. ಎಷ್ಟು ಸಲ ನೋಡಿದರೂ ನನಗೆ ಈ ನೋಟ ಸಾಕೆನಿಸಿಲ್ಲ.

ಮೀನಿನೊಳಗಿನ ಹೆಣ್ಣು ಹುಳ ಮೊಟ್ಟೆಯಿಡದೆ ನೇರವಾಗಿ ಮರಿ ಹಾಕುತ್ತದೆ. ನೀರಿಗೆ ಬಿದ್ದ ಮರಿಗಳು ಸುಮ್ಮನಿರದೆ ಬಳುಕುತ್ತಲೇ ಇರುತ್ತವೆ. ತಿನ್ನುವ ವಸ್ತುವೆಂದುಕೊಂಡು ಸೈಕ್ಲಾಪ್ಸ್ ಅವನ್ನು ನುಂಗುತ್ತದೆ. ಮರಿ ಅದರ ಕರುಳು ತೂರಿ ಒಡಲಿನ ಪೊಳ್ಳಿಗೆ ಇಳಿದು ಅಲ್ಲೇ ಬಲಿಯುತ್ತದೆ. ಮುಂದೆ ಆ ಸೈಕ್ಲಾಪ್ಸನ್ನು ಮೀನು ತಿಂದಾಗ ಹುಳ ತನ್ನ ಮನೆ ಸೇರುತ್ತದೆ.

ಇಲ್ಲಿ ಹುಳಕ್ಕೆ ಒಂದು ಸಂಕಟವಿದೆ. ತಾನಿನ್ನೂ ಬಲಿಯುವ ಮೊದಲೇ ಸೈಕ್ಲಾಪ್ಸನ್ನು ಮೀನು ತಿಂದುಬಿಟ್ಟರೆ ಹುಳವೂ ಸಾಯುತ್ತದೆ. ಬಲಿತ ಮೇಲೆ ಮೀನು ಬೇಗ ತಿಂದಷ್ಟೂ ಲಾಭ. ಇಂಥ ಹುಳಗಳಲ್ಲಿ ಕೆಲವು ಇದಕ್ಕೆ ಹೂಡಿರುವ ಉಪಾಯ ಬೆರಗು ಹುಟ್ಟಿಸುತ್ತದೆ. ಹುಳ ಎಳೆಯದಿದ್ದಾಗ ಸೈಕ್ಲಾಪ್ಸ್ ಮಂಕಾಗಿ, ಹೆಚ್ಚು ಓಡಾಡದೆ ಇರುತ್ತದೆ. ಮೀನಿನ ಕಣ್ಣಿಗೆ ಬೀಳುವುದು ಕಡಿಮೆ. ಹುಳ ಬಲಿಯುತ್ತಿದ್ದಂತೆ ಅದೇ ಸೈಕ್ಲಾಪ್ಸ್ ಚುರುಕಾಗಿ ಜಿಗಿದಾಡತೊಡಗುತ್ತದೆ. ಹಾಗಾದರೆ ಒಂದೇ ಸೈಕ್ಲಾಪ್ಸಿನಲ್ಲಿ ಒಂದು ಎಳೆ ಹುಳ, ಒಂದು ಬಲಿತ ಹುಳ ಎರಡೂ ಇದ್ದರೆ? ಜರ್ಮನಿಯ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಯ ನೀನಾ ಹಾಫರ್ ಮತ್ತು ಮ್ಯಾನ್‌ಫ್ರೆಡ್ ಮಿಲಿನ್‌ಸ್ಕಿ ಮೀನಿನ ಲಾಡಿಹುಳವೊಂದನ್ನು ಬಳಸಿ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಗೆದ್ದದ್ದು ಬಲಿತ ಹುಳ. ಎಳೆಯದರ ಹಿಡಿತವನ್ನು ಅದು ಮುರಿದುಹಾಕುತ್ತದೆ. ಒಂದು ಮಿಲಿಮೀಟರ್ ಒಡಲಿನಲ್ಲಿ ಇಷ್ಟು ದೊಡ್ಡ ಜಗಳ!

ಮೀನಿನ ಈ ಕ್ಯಾಮಲ್ಲಾನಸ್ ಹುಳಕ್ಕೆ ನಾವು ಮನುಷ್ಯರು ಋಣಿಗಳು, ಕನ್ನಡಿಗರಂತೂ ಇನ್ನೂ ಹೆಚ್ಚು. ಅದಕ್ಕೆ ಕಾರಣ ನಾರುಹುಣ್ಣು.

ಉತ್ತರ ಕರ್ನಾಟಕದ, ಚಿತ್ರದುರ್ಗದ ಕಡೆಯ ಹಿರಿಯರನ್ನು ಕೇಳಿ, ಈ ಹೆಸರು ಅವರಿಗೆ ಗೊತ್ತಿರುತ್ತದೆ. ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಅದರಿಂದ ಬಿಳಿ ನಾರಿನಂಥ ಹುಳ ಹೊರಬರುತ್ತಿತ್ತು. ಉದ್ದ ಒಂದು ಮೀಟರ್‌ವರೆಗೂ. ಅದನ್ನು ಕಡ್ಡಿಗೆ ಸುತ್ತಿ ದಿನಕ್ಕೆ ಇಷ್ಟಿಷ್ಟೇ ಎಳೆಯಬೇಕು. ತುಂಡಾದರೆ ಕಾಲು ಕೊಳೆಯುವಷ್ಟು ಬಾವು. ಉರಿ ತಾಳದೆ ಮೆಟ್ಟಿಲುಬಾವಿಗೆ ಇಳಿದು ಕಾಲು ಅದ್ದಿದರೆ ಹುಳ ನೀರಿನಲ್ಲಿ ಲಕ್ಷಾಂತರ ಮರಿಗಳನ್ನು ಚೆಲ್ಲುತ್ತಿತ್ತು. ದೇವರ ಮುನಿಸೆಂದು ಹರಕೆ ಹೊತ್ತವರು ಎಷ್ಟೋ ಮಂದಿ. ಹರಕೆ ತೀರಿಸಿ ಮತ್ತೆ ಅದೇ ಬಾವಿಯ ನೀರು ಕುಡಿದರು, ಸುಮಾರು ಒಂದು ವರ್ಷದ ಮೇಲೆ ಮತ್ತೆ ಹುಳ ಹೊರಬಂತು.

ಈ ಹುಳ ದೇಹಕ್ಕೆ ಸೇರುವುದು ಹೇಗೆಂದು ಸಾವಿರಾರು ವರ್ಷ ಯಾರಿಗೂ ತಿಳಿದಿರಲಿಲ್ಲ. ಸುಳಿವು ಸಿಕ್ಕಿದ್ದು ಮೀನಿನಿಂದ. 1860ರ ದಶಕದಲ್ಲಿ ಜರ್ಮನಿಯ ರುಡಾಲ್ಫ್ ಲ್ಯೂಕಾರ್ಟ್, ಮೀನಿನ ಕ್ಯಾಮಲ್ಲಾನಸ್ ಹುಳದ ಮರಿಗಳು ಸೈಕ್ಲಾಪ್ಸಿನೊಳಗೆ ಬೆಳೆಯುವುದನ್ನು ಕಂಡುಕೊಂಡರು. ಆ ಮರಿಗಳಿಗೂ ನಾರುಹುಣ್ಣಿನ ಮರಿಗಳಿಗೂ ಅಚ್ಚರಿಯ ಹೋಲಿಕೆ. ಮಧ್ಯ ಏಷ್ಯಾಕ್ಕೆ ಹೊರಟಿದ್ದ ರಷ್ಯಾದ ಅಲೆಕ್ಸಿ ಫೆಡ್‌ಚೆಂಕೊಗೆ ಅವರು ಸೈಕ್ಲಾಪ್ಸನ್ನು ನೋಡಿ ಎಂದರು. 1870ರ ಹೊತ್ತಿಗೆ ಫೆಡ್‌ಚೆಂಕೊ ಸೈಕ್ಲಾಪ್ಸಿನ ಒಡಲಲ್ಲಿ ನಾರುಹುಣ್ಣಿನ ಮರಿಗಳನ್ನು ಕಣ್ಣಾರೆ ಕಂಡರು. ರೋಗ ಬರುತ್ತಿದ್ದುದು ಕುಡಿಯುವ ನೀರಿನಲ್ಲಿದ್ದ ಸೈಕ್ಲಾಪ್ಸಿನಿಂದ! ಮೀನಿನ ಕರುಳಿನಲ್ಲಿ ಯಾರಿಗೂ ಬೇಡದ ಹುಳವನ್ನು ಒಬ್ಬರು ಶ್ರದ್ಧೆಯಿಂದ ನೋಡಿರದಿದ್ದರೆ ಈ ಗುಟ್ಟು ಇನ್ನೆಷ್ಟು ಕಾಲ ಗುಟ್ಟಾಗಿಯೇ ಉಳಿಯುತ್ತಿತ್ತೋ.

ಕತೆ ಮುಂದೆ ನಮ್ಮ ನೆಲಕ್ಕೇ ಬರುತ್ತದೆ. 1930ರ ದಶಕದಲ್ಲಿ ಮೈಸೂರು ಸಂಸ್ಥಾನದ ಚಿತ್ರದುರ್ಗ ಜಿಲ್ಲೆಯಲ್ಲಿ ವಿ. ಎನ್. ಮೂರ್ತಿ ನಾರುಹುಣ್ಣಿನ ಬೆನ್ನು ಹತ್ತಿದರು. ಅವರ ಜೊತೆಗಿದ್ದವರು ರಾಕ್‌ಫೆಲರ್ ಪ್ರತಿಷ್ಠಾನದ ಡಬ್ಲ್ಯು. ಸಿ. ಸ್ವೀಟ್. ಸೈಕ್ಲಾಪ್ಸನ್ನು ತಿನ್ನುವ ಸಣ್ಣ ಮೀನುಗಳನ್ನು ಬಾವಿಗೆ ಬಿಟ್ಟು ರೋಗ ತಡೆಯುವ ವಿಧಾನವನ್ನು ಇಬ್ಬರೂ 1936ರಲ್ಲಿ ಮುಂದಿಟ್ಟರು. ನಾಯಿಗಳಿಗೂ ಈ ಸೋಂಕು ತಗಲುತ್ತದೆಂದು ಪ್ರಯೋಗದಿಂದ ತೋರಿಸಿದರು. ಮೂರ್ತಿಯವರು ಅಷ್ಟಕ್ಕೇ ನಿಲ್ಲಲಿಲ್ಲ. ಕೊರಮೀನಿನ ಕುಲದ ಒಂದು ಚಿಕ್ಕ ಮೀನಿನಲ್ಲಿ ಹೊಸ ಕ್ಯಾಮಲ್ಲಾನಸ್ ಹುಳವನ್ನು ಗುರುತಿಸಿ, ಅದಕ್ಕೆ ಜೊತೆಗಾರನ ನೆನಪಿಗೆ 'ಕ್ಯಾಮಲ್ಲಾನಸ್ ಸ್ವೀಟಿ' ಎಂದು ಹೆಸರಿಟ್ಟು, 1938ರಲ್ಲಿ ಅದರ ಇಡೀ ಜೀವನಚರಿತ್ರೆಯನ್ನು ಬರೆದರು. ಬಾವಿಯ ಸೈಕ್ಲಾಪ್ಸಿನಲ್ಲಿ ಮರಿಹುಳ ಕಂಡರೆ ಅದು ಮನುಷ್ಯನದೋ ಮೀನಿನದೋ ಎಂದು ಬಿಡಿಸಿ ಹೇಳಲು ಎರಡನ್ನೂ ಬಲ್ಲವರೇ ಬೇಕು. ನಮ್ಮ ಶಾಲಾ ಪಠ್ಯಗಳಲ್ಲಿ ಇವರ ಹೆಸರಿಗೆ ಜಾಗ ಸಿಗಬೇಕೆಂಬುದು ನನ್ನ ಆಸೆ.

1980ರ ದಶಕದ ಆರಂಭದಲ್ಲಿ ರಾಷ್ಟ್ರೀಯ ನಿರ್ಮೂಲನ ಕಾರ್ಯಕ್ರಮ ಶುರುವಾಯಿತು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯಿರಿ ಎಂದು ಊರೂರಿಗೆ ಹೇಳಿದರು, ಸೈಕ್ಲಾಪ್ಸ್ ಕೊಲ್ಲುವ ಮದ್ದು ಹಾಕಿದರು, ಮೆಟ್ಟಿಲುಬಾವಿಗಳ ಬದಲು ಕೊಳವೆಬಾವಿ ಕೊಟ್ಟರು. ದೇಶದ ಕೊನೆಯ ರೋಗಿ ಕಂಡದ್ದು 1996ರ ಜುಲೈನಲ್ಲಿ, ರಾಜಸ್ಥಾನದಲ್ಲಿ. 2000ದ ಫೆಬ್ರವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಭಾರತವನ್ನು ನಾರುಹುಣ್ಣು ಮುಕ್ತವೆಂದು ಸಾರಿತು. ಲಸಿಕೆಯಿಲ್ಲ, ಗುಳಿಗೆಯಿಲ್ಲ, ಹುಳದ ದಾರಿ ಗೊತ್ತಿದ್ದುದರಿಂದ ಮಾತ್ರ ಸಿಕ್ಕ ಗೆಲುವು ಇದು.

ಇನ್ನು ವರ್ತೂರಿನ ಮೀನಿಗೆ ಬರೋಣ. ಕ್ಯಾಮಲ್ಲಾನಸ್ ಮನುಷ್ಯರಲ್ಲಿ ನೆಲೆಯೂರುವ ಹುಳವಲ್ಲ. ಕೊರಮೀನಿನಲ್ಲಿ ಬೇರೆ ಹುಳಗಳೂ ಇರಬಲ್ಲವು, ಅವುಗಳಲ್ಲಿ ಒಂದೆರಡು ಹಸಿ ಮೀನು ತಿಂದವರಿಗೆ ಅಪಾಯ. ಸಾರಿನಲ್ಲಿ ಚೆನ್ನಾಗಿ ಬೆಂದರೆ ಎಲ್ಲವೂ ಸಾಯುತ್ತವೆ. ಆದ್ದರಿಂದ ಹುಳ ಕಂಡಿತೆಂದು ಮೀನು ಬಿಸಾಡಬೇಕಿಲ್ಲ. ಕುದಿಸಿದರೂ ಹೋಗದ ಸೀಸ, ಕ್ಯಾಡ್ಮಿಯಂನಂಥ ಲೋಹಗಳಿಗೆ ಹೆದರಿ. ಕೈಗಾರಿಕೆಯ ತ್ಯಾಜ್ಯ ಹರಿದ ಕೆರೆಯ ಮೀನಿನ ವಿಷಯದಲ್ಲಿ ನಾವು ಕೇಳಬೇಕಾದ ಪ್ರಶ್ನೆ ಅದು.

ಕರುಳನ್ನು ಮಾತ್ರ ಕೆರೆ ಏರಿಯ ಮೇಲೆ ನಾಯಿಗಳಿಗೆ ಎಸೆಯಬೇಡಿ, ಹೂಳಿ. ನಮ್ಮಲ್ಲಿ ನಾರುಹುಣ್ಣು ಈಗ ಇಲ್ಲದಿದ್ದರೂ ಈ ಎಚ್ಚರ ಒಳ್ಳೆಯದು. ಆಫ್ರಿಕಾದ ಚಾಡ್ ದೇಶದಲ್ಲಿ ನಾರುಹುಣ್ಣು ಇನ್ನೂ ಪೂರ್ತಿ ತೊಲಗದಿರಲು ನಾಯಿಗಳು ದೊಡ್ಡ ಕಾರಣ. ಹಸಿ ಮೀನಿನ ಕರುಳು ತಿಂದು ಅವಕ್ಕೆ ಸೋಂಕು ತಗಲುತ್ತಿದೆ ಎಂಬ ಬಲವಾದ ಶಂಕೆಯಿಂದ ಅಲ್ಲಿ ಕರುಳನ್ನು ಹೂಳಿಸುತ್ತಿದ್ದಾರೆ. ನಾಯಿಗೂ ಈ ಹುಳ ತಗಲುತ್ತದೆಂಬ ಚಿತ್ರದುರ್ಗದ ಪಾಠ ಇಂದಿಗೂ ಹಳತಾಗಿಲ್ಲ.

ಬೆಳ್ಳಂದೂರಿನ ನಂತರ ಬೆಂಗಳೂರಿನ ಅತಿ ದೊಡ್ಡ ಕೆರೆ ವರ್ತೂರು. 2015ರಲ್ಲಿ ವರ್ತೂರು ಕೋಡಿಯ ಬಳಿ ರಸ್ತೆಗೆ ಹಾರಿ ಬಂದ ನೊರೆಯನ್ನು ದೇಶವೇ ನೋಡಿತು. ನೀರು ಅಷ್ಟು ಕೆಟ್ಟಾಗ ಹುಳಗಳು ಹೆಚ್ಚುತ್ತವೆಂದು ಜನ ಭಾವಿಸುತ್ತಾರೆ. ಹಲವು ಆಶ್ರಯಜೀವಿಗಳನ್ನು ನೆಚ್ಚಿದ ಹುಳಗಳ ಮಟ್ಟಿಗೆ ಸಾಮಾನ್ಯವಾಗಿ ಆಗುವುದು ಇದರ ತಿರುವುಮುರುವು. ಮೀನಿನ ಮೈಮೇಲಿನ ಕಪ್ಪು ಚುಕ್ಕೆಯನ್ನೇ ನೋಡಿ. ಅದರೊಳಗಿನ ಹುಳದ ಬದುಕು ಸಾಗಲು ಬಸವನಹುಳ, ಮೀನು, ಮೀನು ತಿನ್ನುವ ಹಕ್ಕಿ ಮೂರೂ ಬೇಕು. ಒಂದು ಕೊಂಡಿ ಕಳಚಿದರೂ ಸರಪಳಿ ನಿಂತುಹೋಗುತ್ತದೆ. ಕೊಳಚೆಯಿಂದ ಸೊರಗಿದ ಮೀನಿನ ಕಿವಿರಿನಲ್ಲಿ ಹೆಚ್ಚುವುದು ಟ್ರೈಕೊಡಿನದಂಥ ಏಕಕೋಶ ಜೀವಿಗಳು. ಅವಕ್ಕೆ ಬೇರೆ ಆಶ್ರಯಜೀವಿ ಬೇಕಿಲ್ಲ, ಮೀನಿನಿಂದ ಮೀನಿಗೆ ನೇರವಾಗಿ ದಾಟುತ್ತವೆ. ಒಂದು ಹುಳ ಕಂಡ ಮಾತ್ರಕ್ಕೆ ಕೆರೆ ಸ್ವಚ್ಛವಾಯಿತೆಂದು ಅಲ್ಲ. ಕೊಳಚೆಯ ಪೋಷಕಾಂಶ ಮಿತಿಯಲ್ಲಿದ್ದರೆ ಬಸವನಹುಳ ಹೆಚ್ಚಿ, ಕೆಲವು ಹುಳಗಳೂ ಹೆಚ್ಚಬಹುದು. ಆದರೆ ವರ್ಷ ವರ್ಷ ಎಣಿಸಿ, ಎಷ್ಟು ಬಗೆಯ ಹುಳಗಳಿವೆಯೆಂದು ನೋಡಿದರೆ ಕೆರೆಯ ಜೀವಜಾಲ ಮತ್ತೆ ಹೆಣೆದುಕೊಳ್ಳುತ್ತಿದೆಯೇ ಎಂಬುದು ತಿಳಿಯುತ್ತದೆ.

ಹೂಳೆತ್ತಿ ಕೆರೆಯನ್ನು ಸರಿಪಡಿಸುವ ಕೆಲಸ ನಡೆದಿರುವಾಗ ನೀರಿನ ಆಮ್ಲಜನಕ, ಫಾಸ್ಫೇಟ್ ಅಳೆಯುವವರು ಮೀನಿನ ಕರುಳನ್ನೂ ನೋಡಲಿ. ವೈಟ್‌ಫೀಲ್ಡ್ ಸುತ್ತಿನ ಕಾಲೇಜುಗಳ ಪ್ರಾಣಿಶಾಸ್ತ್ರ ವಿದ್ಯಾರ್ಥಿಗಳಿಗೆ ಇದಕ್ಕಿಂತ ಒಳ್ಳೆಯ ಪ್ರಾಜೆಕ್ಟ್ ಬೇಕಿಲ್ಲ. ಒಂದು ಸೂಕ್ಷ್ಮದರ್ಶಕ, ಒಂದು ಪೆಟ್ರಿ ತಟ್ಟೆ, ಮೀನು ಮಾರುವವರ ಸ್ನೇಹ ಇದ್ದರೆ ಸಾಕು. ಪ್ರಶ್ನೆ ಕೇಳಿದ ಓದುಗರಿಗೆ ನನ್ನ ವಿನಂತಿಯೂ ಅದೇ: ಮುಂದಿನ ಸಲ ಹುಳ ಕಂಡರೆ ಒಂದನ್ನು ಸ್ಪಿರಿಟ್ ತುಂಬಿದ ಸೀಸೆಯಲ್ಲಿ ಹಾಕಿ, ಮೀನು ಯಾವುದು, ಯಾವ ಕೆರೆಯದು, ಯಾವ ದಿನ ಸಿಕ್ಕಿತು ಎಂದು ಚೀಟಿ ಅಂಟಿಸಿ, ಹತ್ತಿರದ ಕಾಲೇಜಿಗೆ ಕೊಡಿ.