ವೈದ್ಯರಿಗೂ ಬೇಕು ಒಂದು ನೆರೆಹೊರೆ

ರೋಗ ಬಂದಾಗ ನಾವು ವೈದ್ಯರ ಬಾಗಿಲು ತಟ್ಟುತ್ತೇವೆ. ವೈದ್ಯರಿಗೇ ಸಂಕಟ ಬಂದರೆ ಅವರು ಯಾರ ಬಾಗಿಲು ತಟ್ಟಬೇಕು? ಈ ಪ್ರಶ್ನೆ ನಮ್ಮನ್ನು ಕಾಡತೊಡಗಿದ್ದು ಒಂದು ಜುಲೈ ೧ರ ಸಂಜೆ. ಡಾ. ಬಿಧಾನಚಂದ್ರ ರಾಯರು ಹುಟ್ಟಿದ್ದೂ (೧೮೮೨) ಲೋಕವನ್ನು ಬಿಟ್ಟದ್ದೂ (೧೯೬೨) ಅದೇ ದಿನಾಂಕದಂದು. ಅವರ ನೆನಪಿಗಾಗಿ ೧೯೯೧ರಿಂದ ನಮ್ಮ ದೇಶದಲ್ಲಿ ಅದನ್ನು ವೈದ್ಯರ ದಿನವೆಂದು ಆಚರಿಸುತ್ತಾರೆ. ಲಿಂಗಸುಗೂರು ಸೀಮೆಯ ಹಿರಿಯ ವೈದ್ಯಮಿತ್ರರೊಬ್ಬರು ಅಂದಿನ ಸಭೆಯಲ್ಲಿ ನಾಲ್ಕು ಮಾತು ಆಡಬೇಕೆಂದು ನಮ್ಮನ್ನು ಪ್ರೀತಿಯಿಂದ ಕರೆದೊಯ್ದರು. ಸಭಾಂಗಣದಲ್ಲಿ ಹಾಕಿದ್ದ ಕುರ್ಚಿಗಳು ಅರವತ್ತು. ಕುಳಿತವರು ಹದಿನಾಲ್ಕು ಮಂದಿ. ಅವರಲ್ಲಿ ಐವರು ಔಷಧ ಕಂಪನಿಗಳ ಪ್ರತಿನಿಧಿಗಳು.

ಸಭೆ ಮುಗಿದ ಮೇಲೆ ಒಬ್ಬ ಮಧ್ಯವಯಸ್ಸಿನ ವೈದ್ಯರನ್ನು, “ಉಳಿದವರು ಯಾಕೆ ಬರಲಿಲ್ಲ?” ಎಂದು ಕೇಳಿದೆವು. ಅವರು ನಕ್ಕರು. “ಶಾಸ್ತ್ರಿಗಳ್ರಿ, ನಾನು ಸದಸ್ಯ ಆಗಿ ಹದಿನೆಂಟು ವರ್ಷ ಆತು. ರೊಕ್ಕ ಕಟ್ಟೀನಿ, ಸರ್ಟಿಫಿಕೇಟು ಗ್ವಾಡಿಗೆ ಹಾಕೀನಿ. ಆಮ್ಯಾಲ ಅವರೂ ಕರೀಲಿಲ್ಲ, ನಾನೂ ಹೋಗಲಿಲ್ಲ. ಇವತ್ತು ನೀವು ಬರ್ತೀರಂತ ಬಂದೆ” ಎಂದರು. ಅವರ ಮಾತಿನಲ್ಲಿ ಕಹಿ ಇರಲಿಲ್ಲ. ಕಹಿ ಇಲ್ಲದ್ದೇ ನಮಗೆ ಹೆಚ್ಚು ಚಿಂತೆಯ ವಿಷಯವಾಗಿ ತೋರಿತು. ಸಿಟ್ಟು ಮಾಡುವವನಿಗೆ ಸಂಘ ತನ್ನದೆಂಬ ಭಾವವಾದರೂ ಇರುತ್ತದೆ.

ವೈದ್ಯರ ಸಂಘದ ಸಂಗತಿ ಮನೆಮಂದಿ ಓದುವ ಪತ್ರಿಕೆಗೇಕೆ ಎಂದು ಓದುಗರು ಕೇಳಬಹುದು. ಅದು ನಮ್ಮೆಲ್ಲರ ಮನೆಯ ಸಂಗತಿ ಹೇಗಾಗುತ್ತದೆ ಎಂಬುದನ್ನು ಮುಂದೆ ನಿವೇದಿಸುತ್ತೇವೆ.

ಸಣ್ಣ ಊರುಗಳಲ್ಲಿ ಹುಟ್ಟಿದ ಸಂಘ

ವೃತ್ತಿಸಂಘವೆಂದರೆ ರಾಜಧಾನಿಯ ದೊಡ್ಡವರ ವ್ಯವಹಾರವೆಂಬ ಭಾವನೆ ನಮ್ಮಲ್ಲಿದೆ. ಚರಿತ್ರೆ ಹಾಗೆ ಹೇಳುವುದಿಲ್ಲ. ೧೮೩೨ರ ಜುಲೈ ತಿಂಗಳಲ್ಲಿ ಇಂಗ್ಲೆಂಡಿನ ವೂಸ್ಟರ್ ಎಂಬ ಊರಿನ ಆಸ್ಪತ್ರೆಯಲ್ಲಿ ಚಾರ್ಲ್ಸ್ ಹೇಸ್ಟಿಂಗ್ಸ್ ಎಂಬ ವೈದ್ಯರು ಐವತ್ತಕ್ಕೂ ಹೆಚ್ಚು ಸಹೋದ್ಯೋಗಿಗಳನ್ನು ಒಂದೆಡೆ ಸೇರಿಸಿದರು. ಲಂಡನ್ನಿನ ವೈದ್ಯರಿಗೆ ತಮ್ಮವೇ ಆದ ವಿದ್ಯಾಸಂಸ್ಥೆಗಳೂ ಮಂಡಲಿಗಳೂ ಇದ್ದವು. ದೂರದ ಊರುಗಳಲ್ಲಿ ಒಂಟಿಯಾಗಿ ದುಡಿಯುತ್ತಿದ್ದವರಿಗೆ ಏನೂ ಇರಲಿಲ್ಲ. ಆದ್ದರಿಂದ ಅವರು ತಮ್ಮ ಕೂಟವನ್ನು ‘ಪ್ರಾಂತೀಯ’ ಸಂಘವೆಂದೇ ಕರೆದುಕೊಂಡರು. ವರ್ಷಕ್ಕೊಮ್ಮೆ ಒಂದೊಂದು ಊರಿನಲ್ಲಿ ಸೇರಿ ತಾವು ಕಂಡ ರೋಗಗಳ ವಿವರವನ್ನು ಹಂಚಿಕೊಂಡರು. ಅದೇ ಮುಂದೆ ಬ್ರಿಟಿಷ್ ಮೆಡಿಕಲ್ ಅಸೋಸಿಯೇಷನ್ ಎಂಬ ಮಹಾವೃಕ್ಷವಾಯಿತು.

ನಮ್ಮ ದೇಶದಲ್ಲಿ ೧೯೨೮ರಲ್ಲಿ ಕಲಕತ್ತೆಯಲ್ಲಿ ಸೇರಿದ ಅಖಿಲ ಭಾರತ ವೈದ್ಯಕೀಯ ಸಮ್ಮೇಳನವು ಭಾರತೀಯ ವೈದ್ಯಕೀಯ ಸಂಘಕ್ಕೆ ನಾಂದಿ ಹಾಡಿತು. ಸರ್ ನೀಲರತನ ಸರ್ಕಾರ್, ಬಿಧಾನಚಂದ್ರ ರಾಯ್, ಡಾ. ಅನ್ಸಾರಿ ಮೊದಲಾದವರು ಅದರ ಬೆನ್ನಿಗಿದ್ದರು. ಪರರ ಆಳ್ವಿಕೆಯಲ್ಲಿ ಭಾರತೀಯ ವೈದ್ಯನಿಗೆ ಮಾನ ದೊರೆಯಬೇಕೆಂಬ ಹಂಬಲ ಅವರದು. ಆಗ ಸದಸ್ಯರು ೨೨೨ ಮಂದಿ ಮಾತ್ರ. ಇಂದು ಆ ಸಂಘದಲ್ಲಿ ಮೂರು ಲಕ್ಷಕ್ಕೂ ಮಿಗಿಲಾದ ಸದಸ್ಯರಿದ್ದಾರೆ; ದೇಶದುದ್ದಕ್ಕೂ ಒಂದೂವರೆ ಸಾವಿರಕ್ಕೂ ಹೆಚ್ಚು ಸ್ಥಳೀಯ ಶಾಖೆಗಳಿವೆ. ಒಬ್ಬ ವೈದ್ಯ ಸೇರುವುದು ತನ್ನ ಊರಿನ ಶಾಖೆಯ ಮೂಲಕ. ಆ ಶಾಖೆ ರಾಜ್ಯಶಾಖೆಗೆ, ರಾಜ್ಯಶಾಖೆ ದೆಹಲಿಯ ಕೇಂದ್ರಕ್ಕೆ ಸೇರಿದ್ದು. ಬೇರು ಊರಿನಲ್ಲಿ, ಕೊಂಬೆ ದೆಹಲಿಯಲ್ಲಿ. ಬೇರು ಒಣಗಿದರೆ ಕೊಂಬೆಯ ಹಸಿರು ಎಷ್ಟು ದಿನ?

ಹೆಸರು ಉಂಟು, ಹಾಜರಿ ಇಲ್ಲ

ಸಂಘ ಸೊರಗುವುದಕ್ಕೆ ನಮಗೆ ಕಂಡ ಕಾರಣಗಳು ಕೆಲವಿವೆ.

ಮೊದಲನೆಯದು ಆಜೀವ ಸದಸ್ಯತ್ವ. ಒಮ್ಮೆ ಹಣ ಕಟ್ಟಿದರೆ ಆಯಿತು, ಜೀವನವಿಡೀ ಸದಸ್ಯ. ಇದು ಅನುಕೂಲವೇ. ಆದರೆ ವರ್ಷಕ್ಕೊಮ್ಮೆ ವರ್ಗಣಿಗಾಗಿಯಾದರೂ ಕಾರ್ಯದರ್ಶಿ ಬಾಗಿಲಿಗೆ ಬಂದು, “ಹೇಗಿದ್ದೀರಿ?” ಎಂದು ಕೇಳುವ ಸಂದರ್ಭವನ್ನು ಅದು ಇಲ್ಲವಾಗಿಸಿತು. ಪಟ್ಟಿಯಲ್ಲಿ ಹೆಸರು ಬೆಳೆಯಿತು, ಪರಿಚಯ ಬೆಳೆಯಲಿಲ್ಲ.

ಎರಡನೆಯದು ಸಹಪಾಠಿತನ ಸಡಿಲವಾದದ್ದು. ಹುಬ್ಬಳ್ಳಿಯಲ್ಲಿ ೧೯೫೭ರಲ್ಲಿ, ಬಳ್ಳಾರಿಯಲ್ಲಿ ೧೯೬೧ರಲ್ಲಿ, ಕಲಬುರಗಿಯಲ್ಲಿಯೂ ಬೆಳಗಾವಿಯಲ್ಲಿಯೂ ೧೯೬೩ರಲ್ಲಿ, ದಾವಣಗೆರೆಯಲ್ಲಿ ೧೯೬೫ರಲ್ಲಿ ವೈದ್ಯಕೀಯ ಕಾಲೇಜುಗಳು ತೆರೆದವು. ಇವುಗಳಲ್ಲಿ ಕೆಲವನ್ನು ಕಟ್ಟಿದವರು ನಮ್ಮ ಸಮಾಜದ ಹಿರಿಯರೇ ಎಂಬುದು ಈ ಪತ್ರಿಕೆಯ ಓದುಗರಿಗೆ ತಿಳಿದ ವಿಷಯ. ಆ ಕಾಲದಲ್ಲಿ ನಮ್ಮ ಸೀಮೆಗೆ ಬಂದ ವೈದ್ಯರು ಒಂದೇ ವಸತಿಗೃಹದಲ್ಲಿ ಉಂಡವರು, ಒಬ್ಬರನ್ನೊಬ್ಬರು ಅಡ್ಡಹೆಸರಿನಿಂದ ಕರೆಯುವವರು. ಅವರಿಗೆ ಸಂಘ ಬೇಕಿರಲಿಲ್ಲ, ಅವರೇ ಸಂಘವಾಗಿದ್ದರು. ಇಂದು ಕಾಲೇಜುಗಳು ಹತ್ತಾರು. ರಾಯಚೂರಿನಲ್ಲಿಯೇ ೨೦೦೭ರಿಂದ ಸರ್ಕಾರಿ ವೈದ್ಯವಿಜ್ಞಾನ ಸಂಸ್ಥೆ ಇದೆ. ಎಲ್ಲೆಲ್ಲಿಯೋ ಓದಿದ ತರುಣ ತರುಣಿಯರು ಸಿಂಧನೂರಿಗೋ ಲಿಂಗಸುಗೂರಿಗೋ ಬಂದಾಗ ಪಕ್ಕದ ಬೀದಿಯ ವೈದ್ಯರೂ ಅವರಿಗೆ ಅಪರಿಚಿತರು.

ಮೂರನೆಯದು, ಕಲಿಕೆಯು ಅಂಕದ ಲೆಕ್ಕವಾದದ್ದು. ಕರ್ನಾಟಕ ವೈದ್ಯಕೀಯ ಪರಿಷತ್ತು ಐದು ವರ್ಷಕ್ಕೊಮ್ಮೆ ನೋಂದಣಿಯನ್ನು ನವೀಕರಿಸಲು ಮೂವತ್ತು ಗಂಟೆಗಳ ನಿರಂತರ ಶಿಕ್ಷಣವನ್ನು ಗೊತ್ತುಮಾಡಿದೆ. ಉದ್ದೇಶ ಒಳ್ಳೆಯದು. ಆದರೆ ಅಂಕಕ್ಕಾಗಿ ಬಂದವರು ಸಹಿ ಹಾಕಿ, ಊಟ ಮಾಡಿ, ಹಿಂದಿನ ಬಾಗಿಲಿನಿಂದ ಹೊರಡುವುದನ್ನು ವೈದ್ಯಮಿತ್ರರೇ ನಮಗೆ ಹೇಳಿದ್ದಾರೆ. ಎದ್ದು ಹೋಗುವವರನ್ನು ನಿಯಮ ಒಳಗೆ ತರಬಲ್ಲದು, ಕೂಡಿಸಲಾರದು.

ಒಬ್ಬ ವೈದ್ಯ ಊರು ಬಿಟ್ಟದ್ದು

ಇಷ್ಟೇ ಆಗಿದ್ದರೆ ನಾವು ಲೇಖನಿ ಹಿಡಿಯುತ್ತಿರಲಿಲ್ಲ. ನಮ್ಮ ಸೀಮೆಯ ಒಂದು ಊರು, ಹೆಸರು ಬೇಡ. ಅಲ್ಲಿಗೆ ಒಬ್ಬ ತರುಣ ಮಕ್ಕಳ ವೈದ್ಯರು ಬಂದಿದ್ದರು. ಪತ್ನಿ ಹೆರಿಗೆ ವೈದ್ಯೆ. ಮೂರು ವರ್ಷ ಚೆನ್ನಾಗಿ ನಡೆಯಿತು. ಒಂದು ರಾತ್ರಿ ಜ್ವರ ನೆತ್ತಿಗೇರಿ ಸೆಳವು ಬಂದ ಕೂಸನ್ನು ತಡವಾಗಿ ತಂದರು. ಕೂಸು ಉಳಿಯಲಿಲ್ಲ. ನೆಂಟರು ಗಾಜು ಒಡೆದರು, ಬಾಯಿಗೆ ಬಂದಂತೆ ಬೈದರು. ಪೊಲೀಸರು ಬಂದರು. ವೈದ್ಯರ ಮೇಲಿನ ಹಲ್ಲೆಯನ್ನು ತಡೆಯಲು ನಮ್ಮ ರಾಜ್ಯದಲ್ಲಿ ೨೦೦೯ರಿಂದ ಪ್ರತ್ಯೇಕ ಕಾಯಿದೆಯಿದೆ. ಅದರಂತೆ ದೂರು ದಾಖಲಾಯಿತು. ನಾಲ್ಕನೆಯ ದಿನ ಆ ಊರಿನ ವೈದ್ಯರು ಕೂಡಿ ತಹಶೀಲ್ದಾರರಿಗೆ ಮನವಿ ಕೊಟ್ಟರು. ಪತ್ರಿಕೆಯಲ್ಲಿ ಚಿತ್ರ ಬಂತು.

ಆರು ವಾರಗಳ ಬಳಿಕ ದಂಪತಿಗಳು ಊರು ಬಿಟ್ಟರು. ಹೊರಡುವ ಮುನ್ನ ನಮ್ಮನ್ನು ಕಾಣಲು ಬಂದಿದ್ದರು. ನಾವು ಆ ನೆಂಟರನ್ನು ಕುರಿತು ಏನೋ ಹೇಳಹೊರಟೆವು. ಅವರು ತಡೆದರು: “ಅವರ ಕೂಸು ಹೋಗಿತ್ತು ಅಜ್ಜಾರೆ, ಸಿಟ್ಟು ಬಂತು. ಅದು ನನಗ ತಿಳೀತದ. ಆದರ ಆ ನಾಲ್ಕು ದಿನ ನನ್ನ ಮನೀಗೆ ಒಬ್ಬ ಡಾಕ್ಟರೂ ಚಹಾ ಕುಡೀಲಿಕ್ಕೂ ಬರಲಿಲ್ಲ. ನನ್ನ ತಪ್ಪಿತ್ತೋ ಇಲ್ಲೋ ಅಂತ ಕೇಳಲಿಕ್ಕೆ ನನಗೊಬ್ಬ ಹಿರಿಯ ಬೇಕಿತ್ತು.”

ನಮಗೆ ಉತ್ತರ ಹೊಳೆಯಲಿಲ್ಲ. ಏಕೆಂದರೆ ಸುದ್ದಿ ತಿಳಿದ ಮೇಲೆ ನಾವೂ ಹೋಗಿರಲಿಲ್ಲ. ಹೇಗೂ ಅವರ ಸಂಘದವರು ನೋಡಿಕೊಳ್ಳುತ್ತಾರೆಂದು ಸುಮ್ಮನಿದ್ದೆವು. ಆ ತಪ್ಪನ್ನು ಇಲ್ಲಿ ಒಪ್ಪಿಕೊಳ್ಳುತ್ತೇವೆ. ಇಂದು ಆ ಊರಿನ ತಾಯಂದಿರು ಕೂಸಿಗೆ ಉಸಿರು ಕಟ್ಟಿದರೆ ನಲವತ್ತು ಕಿಲೋಮೀಟರ್ ದೂರ ಓಡುತ್ತಾರೆ. ಸಂಘ ಸೊರಗಿದ ಕಷ್ಟ ಕೊನೆಗೆ ಬಂದು ಮುಟ್ಟುವುದು ತೊಟ್ಟಿಲಿಗೆ.

ಕೂಡಿದರೆ ಕಾಣುವುದು

ಇನ್ನೊಂದು ಮಾತು. ನಮ್ಮದು ನೆಲದಡಿ ಚಿನ್ನವಿರುವ ಸೀಮೆ. ಹಟ್ಟಿಯ ಗಣಿ ಲಿಂಗಸುಗೂರು ತಾಲ್ಲೂಕಿನದೇ. ಚಿನ್ನವಿರುವ ಬಂಡೆಯಲ್ಲಿ ಆರ್ಸೆನಿಕ್ ಎಂಬ ಪಾಷಾಣವೂ ಬೆರೆತಿರುತ್ತದೆ. ಈ ಭಾಗದ ಕೆಲವು ಕೊಳವೆಬಾವಿಗಳ ನೀರಿನಲ್ಲಿ ಅದು ಇರುವುದನ್ನು ಸಂಶೋಧಕರು ತೋರಿಸಿದ್ದಾರೆ. ಜಿಲ್ಲೆಯ ಹಲವೆಡೆ ಫ್ಲೋರೈಡಿನ ಬಾಧೆಯೂ ಉಂಟು. ಪಾಷಾಣದ ನೀರನ್ನು ವರ್ಷಗಟ್ಟಲೆ ಕುಡಿದವರ ಮೈಮೇಲೆ ಮಳೆಹನಿಯಂಥ ಕಪ್ಪು ಚುಕ್ಕೆಗಳು ಏಳುತ್ತವೆ, ಅಂಗೈ ಅಂಗಾಲು ಗಂಟುಗಂಟಾಗಿ ಒರಟಾಗುತ್ತವೆ. ಒಬ್ಬ ವೈದ್ಯರಿಗೆ ಅಂಥ ರೋಗಿ ವರ್ಷಕ್ಕೊಬ್ಬರು ಬರಬಹುದು. ಅವರು ಮುಲಾಮು ಬರೆದು ಕಳಿಸುತ್ತಾರೆ. ಲಿಂಗಸುಗೂರಿನವರು, ಮಸ್ಕಿಯವರು, ಹಟ್ಟಿಯವರು ಒಂದು ಸಂಜೆ ಕೂಡಿ ಕುಳಿತು, “ನಿಮ್ಮಲ್ಲಿಯೂ ಬಂದಿದ್ದರೆ? ಯಾವ ಹಳ್ಳಿಯವರು?” ಎಂದು ಕೇಳಿಕೊಂಡರೆ ರೋಗಿಯ ಹಿಂದೆ ಹಳ್ಳಿ ಕಾಣುತ್ತದೆ, ಹಳ್ಳಿಯ ಹಿಂದೆ ಬಾವಿ ಕಾಣುತ್ತದೆ.

ಸಿಂಧನೂರಿನ ಕಾಲುವೆ ಸೀಮೆಯ ಭತ್ತದ ಗದ್ದೆಗಳಲ್ಲಿ ಹಾವು ಕಚ್ಚಿದವರ, ಕೀಟನಾಶಕ ಸೇವಿಸಿದವರ ಮಾತೂ ಹೀಗೆಯೇ. ವಿಷಹಾರಿ ಚುಚ್ಚುಮದ್ದು ಇಂದು ಎಲ್ಲಿದೆ, ಉಸಿರಾಟದ ಯಂತ್ರ ಎಲ್ಲಿ ಖಾಲಿ ಇದೆ ಎಂಬುದನ್ನು ಒಂದು ದೂರವಾಣಿ ಕರೆಯಲ್ಲಿ ತಿಳಿಯಬಲ್ಲ ವೈದ್ಯರು ಪ್ರಾಣ ಉಳಿಸುತ್ತಾರೆ. ಜಿಲ್ಲಾಕೇಂದ್ರ ರಾಯಚೂರು ಇಲ್ಲಿಂದ ಹತ್ತಿರಹತ್ತಿರ ತೊಂಬತ್ತು ಕಿಲೋಮೀಟರ್. ಆ ಕರೆಯನ್ನು ನಡುರಾತ್ರಿ ಎತ್ತಿಕೊಳ್ಳುವುದು ಪರಿಚಯವಿದ್ದವರು.

ಮಠದಿಂದ ಕಲಿತದ್ದು

ನಾವು ಹನ್ನೆರಡನೆಯ ವಯಸ್ಸಿಗೆ ಮಠ ಸೇರಿದವರು. ಅಲ್ಲಿ ಸದಸ್ಯತ್ವದ ಪುಸ್ತಕವಿರಲಿಲ್ಲ. ಜಾತ್ರೆಗೆ ಒಂದು ತಿಂಗಳ ಮುಂಚೆ ನಮ್ಮ ಗುರುಗಳು ಊರೂರಿಗೆ ಹೋಗಿ ಪ್ರತಿ ಮನೆಗೂ ಒಂದೊಂದು ಕೆಲಸ ಹೇಳಿ ಬರುತ್ತಿದ್ದರು. ಒಬ್ಬರಿಗೆ ರೊಟ್ಟಿ, ಒಬ್ಬರಿಗೆ ಸೌದೆ, ಒಬ್ಬರಿಗೆ ನೀರು. ಹೊಸದಾಗಿ ಊರಿಗೆ ಬಂದವರಿಗೆ ಮೊದಲು ಕೆಲಸ. “ಉಂಡು ಹೋದವ ಮರೀತಾನ, ಬಡಿಸಿದವ ಮರಳಿ ಬರ್ತಾನ” ಎನ್ನುತ್ತಿದ್ದರು. ಸಂಘವನ್ನು ಬೆಳೆಸುವ ಗುಟ್ಟು ಇದಕ್ಕಿಂತ ಹೆಚ್ಚಿನದೇನೂ ಇಲ್ಲವೆಂದು ನಮ್ಮ ನಂಬುಗೆ.

ಆ ನಂಬುಗೆಯಿಂದ ವೈದ್ಯಮಿತ್ರರಲ್ಲಿ ಕೆಲವು ಅರಿಕೆಗಳನ್ನು ಮಾಡುತ್ತೇವೆ. ಹೊಸ ವೈದ್ಯರು ಊರಿಗೆ ಬಂದ ವಾರದೊಳಗೆ ಅರ್ಜಿ ನಮೂನೆ ಹಿಡಿಯದೆ ಇಬ್ಬರು ಹಿರಿಯರು ಅವರ ಮನೆಗೆ ಹೋಗಲಿ. ಹಣದ ಮಾತು ಆರು ತಿಂಗಳ ಮೇಲಿರಲಿ. ಸಭೆಯು ಒಂದು ತಿಂಗಳು ಲಿಂಗಸುಗೂರಿನಲ್ಲಿ, ಒಂದು ತಿಂಗಳು ಮಸ್ಕಿಯಲ್ಲಿ, ಒಂದು ತಿಂಗಳು ಸಿಂಧನೂರಿನಲ್ಲಿ ನಡೆಯಲಿ. ಮೂರೂ ಒಂದೇ ರಸ್ತೆಯ ಮೇಲಿವೆ. ದೂರದ ತಜ್ಞರ ಉಪನ್ಯಾಸಕ್ಕಿಂತ ತಮ್ಮಲ್ಲಿಯೇ ಒಬ್ಬರು ತಮಗೆ ತಿಳಿಯದೆ ಹೋದ ಒಂದು ರೋಗದ ಕಥೆಯನ್ನು ಹೇಳಲಿ. ತಪ್ಪನ್ನು ಹೇಳಿಕೊಳ್ಳಬಹುದಾದ ಕೂಟಕ್ಕೆ ಜನ ತಾವಾಗಿ ಬರುತ್ತಾರೆ. ವೈದ್ಯೆಯರಿಗೆ ರಾತ್ರಿ ಒಂಬತ್ತರ ಸಭೆ ಒಗ್ಗದು. ಭಾನುವಾರ ಮಧ್ಯಾಹ್ನ ಮಕ್ಕಳೊಡನೆ ಬರುವಂತಿರಲಿ. ಸರ್ಕಾರಿ ಆಸ್ಪತ್ರೆಯವರಿಗೂ ಖಾಸಗಿಯವರಿಗೂ ಒಂದೇ ಸಾಲಿನ ಕುರ್ಚಿ ಇರಲಿ. ಪದಾಧಿಕಾರವು ಎರಡು ಮೂರು ಮನೆಗಳಲ್ಲಿಯೇ ಸುತ್ತದೆ, ಮೂವತ್ತರ ಒಳಗಿನವರಿಗೂ ಒಂದು ಜವಾಬ್ದಾರಿ ದೊರೆಯಲಿ. ಸದಸ್ಯರು ತೀರಿಕೊಂಡಾಗ ಉಳಿದವರು ತಲಾ ಇಷ್ಟೆಂದು ಕೂಡಿಸಿ ಕುಟುಂಬಕ್ಕೆ ಕೊಡುವ ಭದ್ರತಾ ಯೋಜನೆಗಳನ್ನು ಈ ಸಂಘ ನಡೆಸುತ್ತಿದೆ. ಎಷ್ಟೋ ತರುಣರಿಗೆ ಅದರ ಸುಳಿವೇ ಇಲ್ಲ. ಅದನ್ನೂ ತಿಳಿಸಿ ಹೇಳಲಿ.

ಮನೆಮಂದಿಯಾದ ನಮ್ಮ ಪಾಲಿನದೂ ಒಂದಿದೆ. ನಿಮ್ಮ ಓಣಿಗೆ ಹೊಸ ವೈದ್ಯರು ಬಂದರೆ ರೋಗ ಬರುವವರೆಗೆ ಕಾಯಬೇಡಿ. ಹಬ್ಬದ ದಿನ ಒಂದು ಹೋಳಿಗೆಯ ಊಟಕ್ಕೆ ಕರೆಯಿರಿ. ನಿಮ್ಮ ಮಗನೋ ಸೊಸೆಯೋ ವೈದ್ಯರಾಗಿದ್ದರೆ, “ಸಂಘದ ಸಭೆಗೆ ಹೋಗಿ ಬಾ, ಮನೆ ನಾವು ನೋಡಿಕೊಳ್ಳುತ್ತೇವೆ” ಎನ್ನಿರಿ.

ಅಂದಿನ ಸಭೆಯ ಕೊನೆಗೆ ನಾವು ಭಾಷಣವನ್ನು ಅರ್ಧಕ್ಕೆ ನಿಲ್ಲಿಸಿ, ಖಾಲಿ ಕುರ್ಚಿಗಳನ್ನು ಬದಿಗಿರಿಸಿ ಎಲ್ಲರೂ ದುಂಡಗೆ ಕೂಡೋಣವೆಂದೆವು. ಒಬ್ಬ ತರುಣ ವೈದ್ಯೆ ತಾವು ಆ ವಾರ ಕಂಡ ಒಬ್ಬ ಬಾಣಂತಿಯ ವಿಷಯವನ್ನು ಸಂಕೋಚದಿಂದ ಎತ್ತಿದರು. ಹಿರಿಯರೊಬ್ಬರು ಕನ್ನಡಕ ತೆಗೆದು ಮುಂದೆ ಬಾಗಿ ಕೇಳಿಸಿಕೊಂಡರು. ಎಂಟಕ್ಕೆ ಮುಗಿಯಬೇಕಾಗಿದ್ದ ಸಭೆ ಹತ್ತರವರೆಗೆ ನಡೆಯಿತು. ಮುಂದಿನ ತಿಂಗಳು ಹತ್ತೊಂಬತ್ತು ಮಂದಿ ವೈದ್ಯರು ಬಂದಿದ್ದರೆಂದು ಮಿತ್ರರು ತಿಳಿಸಿದ್ದಾರೆ. ಸಂಖ್ಯೆ ದೊಡ್ಡದಲ್ಲ. ಊರು ಬಿಟ್ಟುಹೋದ ಆ ದಂಪತಿಗಳು ಮರಳುವರೆಂಬ ಭ್ರಮೆಯೂ ನಮಗಿಲ್ಲ. ಮುಂದೆ ಬರುವವರಿಗೆ ಆ ನಾಲ್ಕು ದಿನಗಳ ಒಂಟಿತನ ಬಾರದಿದ್ದರೆ ಸಾಕು.