ಗೋವೆಯ ಸೂರ್ಯನೂ ಹದಿಹರೆಯದ ನಿದ್ರೆಯೂ

ವಾಸ್ಕೋದ ಬೈನಾದಲ್ಲಿಯೋ ಜುವಾರಿನಗರದಲ್ಲಿಯೋ ನೆಲೆಸಿರುವ ವಿಜಯಪುರ, ಗದಗ, ಹಾವೇರಿ ಸೀಮೆಯ ಕನ್ನಡದ ಮನೆಗಳಲ್ಲಿ, "ಏಳೋ ತಮ್ಮಾ, ಬಸ್ ಹೋಗ್ತೈತಿ" ಎಂಬ ತಾಯಿಯ ಕೂಗು ಮೂರನೆಯ ಸಲ ಎದ್ದಾಗಲೂ ಹದಿನೈದರ ಹುಡುಗ ಹೊದಿಕೆಯನ್ನು ತಲೆಯ ಮೇಲಕ್ಕೆಳೆದುಕೊಂಡರೆ, ಅದನ್ನು ಆಲಸ್ಯವೆಂದು ನಿಂದಿಸುವುದು ಸುಲಭ. ಶರೀರಶಾಸ್ತ್ರವಾದರೋ ಬಹುಮಟ್ಟಿಗೆ ಹುಡುಗನ ಪಕ್ಷವನ್ನೇ ವಹಿಸುತ್ತದೆ.

ಕತ್ತಲಾದೊಡನೆ ಮಿದುಳಿನಲ್ಲಿ ಸ್ರವಿಸಿ ದೇಹವನ್ನು ನಿದ್ರೆಗೆ ಅಣಿಗೊಳಿಸುವ ಮೆಲಟೋನಿನ್ ಎಂಬ ರಸವು, ಯೌವನೋದಯದ ವರ್ಷಗಳಲ್ಲಿ ಒಂದೆರಡು ಗಂಟೆ ತಡವಾಗಿ ಹೊರಡುವುದರಿಂದ, ಹತ್ತಕ್ಕೆ ಹಾಸಿಗೆ ಸೇರಿದರೂ ಹನ್ನೊಂದು ದಾಟುವವರೆಗೆ ನಿದ್ದೆ ಹತ್ತದು. ಅಂಗೈಯಲ್ಲಿ ಬೆಳಗುವ ಮೊಬೈಲು ಅದನ್ನು ಇನ್ನಷ್ಟು ಮುಂದೂಡುತ್ತದೆ. ಈ ವಯಸ್ಸಿಗೆ ವೈದ್ಯರು ಹೇಳುವುದು 8ರಿಂದ 10 ಗಂಟೆಯ ನಿದ್ರೆಯನ್ನು.

ಗೋವೆಗೆ ಇದರ ಮೇಲೆ ಮತ್ತೊಂದು ತೊಡಕುಂಟು. ಭಾರತದ ಗಡಿಯಾರವು ಮಿರ್ಜಾಪುರದ ಬಳಿ ಹಾಯುವ 82.5 ಡಿಗ್ರಿ ರೇಖಾಂಶದ ಸೂರ್ಯನಿಗೆ ಅಧೀನವಾದುದು. ಗೋವೆಯಾದರೋ 74 ಡಿಗ್ರಿಯ ಆಸುಪಾಸಿನಲ್ಲಿದೆ. ಡಿಗ್ರಿಗೆ 4 ನಿಮಿಷದಂತೆ ಲೆಕ್ಕವಿಟ್ಟರೆ, ಶಾಲೆಯಲ್ಲಿ ಎಂಟರ ಗಂಟೆ ಬಾರಿಸುವಾಗ ಅಲ್ಲಿಯ ಆಕಾಶದಲ್ಲಿ ಇನ್ನೂ ಸುಮಾರು ಏಳೂ ಇಪ್ಪತ್ತೈದು. ಜನವರಿಯಲ್ಲಂತೂ ಏಳು ಕಳೆದ ಮೇಲೆ ಸೂರ್ಯೋದಯ. ದೇಹದ ಒಳಗಡಿಯಾರವನ್ನು ಸರಿಪಡಿಸಬಲ್ಲ ಎಳೆಬಿಸಿಲು ಬೀಳುವ ಮೊದಲೇ ಮಕ್ಕಳು ಎದ್ದು ಹೊರಟಿರಬೇಕು. ಗೋವೆಯಂತೆ ಸೂರ್ಯಾಸ್ತವೂ ತಡವಾದ ಪ್ರದೇಶಗಳಲ್ಲಿ ಭಾರತದ ಮಕ್ಕಳು ಕಡಿಮೆ ನಿದ್ರಿಸುತ್ತಾರೆಂದು ಅರ್ಥಶಾಸ್ತ್ರಜ್ಞ ಮೌಲಿಕ್ ಜಗ್ನಾನಿ ತೋರಿಸಿರುವುದು ಇಲ್ಲಿ ಸ್ಮರಣೀಯ.

ಪರಿಣಾಮಗಳು ತೂಕಡಿಕೆಗೆ ನಿಲ್ಲುವುದಿಲ್ಲ. ಕಲಿತದ್ದು ಸ್ಮೃತಿಯಲ್ಲಿ ನೆಲೆಗೊಳ್ಳುವುದೂ, ಬೆಳವಣಿಗೆಯ ಹಾರ್ಮೋನು ಹೆಚ್ಚಾಗಿ ಸ್ರವಿಸುವುದೂ ನಿದ್ರೆಯಲ್ಲಿಯೇ. ಅದು ಕುಂದಿದರೆ ಹಸಿವು ಹೆಚ್ಚಿ, ಮನಸ್ಸು ಖಿನ್ನವಾಗಿ, ರೇಗುವಿಕೆ ಬೆಳೆಯುತ್ತದೆ. ನಿದ್ದೆಗಣ್ಣಿನಲ್ಲಿ ಸ್ಕೂಟರು ಹತ್ತುವ ಕಾಲೇಜು ತರುಣರ ವಿಷಯವನ್ನು ವಿಸ್ತರಿಸಬೇಕಿಲ್ಲ. ಕ್ಯಾಲಿಫೋರ್ನಿಯವು 2019ರಲ್ಲಿ ಶಾಸನ ರಚಿಸಿ, 2022ರಿಂದ ಪ್ರೌಢಶಾಲೆಗಳು ಸಾಮಾನ್ಯವಾಗಿ ಎಂಟೂವರೆಗೆ ಮುನ್ನ ಆರಂಭವಾಗಕೂಡದೆಂದು ವಿಧಿಸಿತು. ನಮ್ಮಲ್ಲಿ ಇಂಥ ಮಾತೆತ್ತಿದರೆ ಮಕ್ಕಳನ್ನು ಮುದ್ದು ಮಾಡುತ್ತಾರೆಂಬ ಆಕ್ಷೇಪವೇ ಮೊದಲು ಬರುವುದು.

ಗೋವೆಯ ಮಧ್ಯಾಹ್ನದ ನಿದ್ರೆ ಈ ನಷ್ಟವನ್ನು ತುಂಬಿಕೊಡುವುದೆಂದು ನಂಬುವವರುಂಟು. ಒಂದಕ್ಕೆ ಅಂಗಡಿಗಳು ಬಾಗಿಲೆಳೆಯುವ ಆ ನಾಡಿನಲ್ಲಿ ಅದು ಸಹಜವೂ ಹೌದು. ಆದರೆ ಮೀನುಸಾರಿನ ಊಟ ಮುಗಿಸಿ ನಾಲ್ಕರವರೆಗೆ ಮಲಗಿ, ಸಂಜೆ ಟ್ಯೂಷನ್ನಿಗೆ ಹೋಗಿ ಬರುವ ಹುಡುಗನಿಗೆ ರಾತ್ರಿ ನಿದ್ರೆಗೆಳೆಯುವ ಒತ್ತಡವೇ ಉಳಿದಿರುವುದಿಲ್ಲ. ಅರ್ಧ ಗಂಟೆಯೊಳಗೆ, ಮೂರಕ್ಕೆ ಮುಂಚೆಯೇ, ಎಬ್ಬಿಸುವುದು ಲೇಸು; ಆಗಲೂ ಅವನು ಗೊಣಗದೆ ಏಳುವನೆಂದು ತಾಯಿ ನಿರೀಕ್ಷಿಸಬಾರದು.